ಭದ್ರಾವತಿಯಲ್ಲಿ ಬೆಳೆದ ದನಿ

ತೊಂಬತ್ತರ ದಶಕದ ನಡುವಿನ ದಿನಗಳು. ಆಂಧ್ರದ ಬೆಳುಗುಪ್ಪದಿಂದ ಕಲ್ಯಾಣದುರ್ಗಕ್ಕೆ ಹೊರಟ ಜೀಪು ಹತ್ತಿದರೆ ಶೇಂಗಾ ಮೂಟೆಗಳ ನಡುವೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಡ್ರೈವರ್ ಪಕ್ಕದ ಟೇಪ್ ರೆಕಾರ್ಡರಿನಲ್ಲಿ ‘ಪ್ರೇಮಿಕುಡು’ ಕ್ಯಾಸೆಟ್ಟು ತಪ್ಪುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಗಡಿನಾಡಿನವರಿಗೆ ‘ಮುಕ್ಕಾಲ ಮುಕಾಬುಲಾ’ ಯಾವ ಭಾಷೆಯ ಹಾಡೆಂಬ ಯೋಚನೆಯೇ ಬರುತ್ತಿರಲಿಲ್ಲ. ಅದಕ್ಕೆ ಕುಣಿದ ಪ್ರಭುದೇವ ಮಕ್ಕಳಿಗೂ ಗೊತ್ತಿದ್ದರು. ಆ ಹೆಣ್ಣುದನಿ ಯಾರದೆಂದು ಮಾತ್ರ ನಾವ್ಯಾರೂ ಕೇಳಲಿಲ್ಲ.

ಆ ದನಿ ಸ್ವರ್ಣಲತಾ ಅವರದು.

ಹುಟ್ಟಿದ್ದು 1973ರ ಏಪ್ರಿಲ್ 29ರಂದು, ಕೇರಳದ ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ಸೀಮೆಯಲ್ಲಿ. ತಂದೆ ಕೆ.ಸಿ. ಚೆರುಕುಟ್ಟಿ ಹಾರ್ಮೋನಿಯಂ ನುಡಿಸುತ್ತಿದ್ದರು, ಹಾಡುತ್ತಿದ್ದರು. ಮುಂದೆ ಕುಟುಂಬ ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ ಬಂದು ನೆಲೆಸಿತು. ಉಕ್ಕು ಮತ್ತು ಕಾಗದದ ಕಾರ್ಖಾನೆಗಳ ಆ ಊರಲ್ಲೇ ಸ್ವರ್ಣಲತಾ ಓದಿದರು. ಅಕ್ಕ ಸರೋಜಾ ಅವರೇ ಮೊದಲ ಗುರು. ಹೀಗೆ ಮಲಯಾಳಿ ಮನೆಯ ಹುಡುಗಿ ಕನ್ನಡ ನೆಲದಲ್ಲಿ ಬೆಳೆದು, 1987ರಲ್ಲಿ ಮನೆಯವರೊಡನೆ ಮದ್ರಾಸಿಗೆ ಹೋದಳು. ಅದೇ ವರ್ಷ ಎಂ.ಎಸ್. ವಿಶ್ವನಾಥನ್ ಆಕೆಗೆ ‘ನೀತಿಕ್ಕು ತಂಡನೈ’ ಚಿತ್ರದಲ್ಲಿ ಜೇಸುದಾಸ್ ಜೊತೆ ಹಾಡುವ ಅವಕಾಶ ಕೊಟ್ಟರು. ಆಗ ವಯಸ್ಸು ಹದಿನಾಲ್ಕರ ಆಸುಪಾಸು.

ಆ ದನಿಯ ಆಳ ಕಂಡವರು ಇಳಯರಾಜ. ಅವರ ಸಂಗೀತವಿದ್ದ 1991ರ ‘ಚಿನ್ನ ತಂಬಿ’ ಚಿತ್ರದ ಗಾಯನಕ್ಕೆ ತಮಿಳುನಾಡು ಸರ್ಕಾರದ ಪ್ರಶಸ್ತಿ ಬಂತು. ಅದೇ ವರ್ಷ ‘ದಳಪತಿ’ಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಜೊತೆ ಹಾಡಿದ ‘ರಾಕ್ಕಮ್ಮ ಕೈಯ ತಟ್ಟು’, 2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವೀಸ್ ಜಗತ್ತಿನ ಕೇಳುಗರಿಂದ ಮತ ಪಡೆದು ಆರಿಸಿದ ಹತ್ತು ಹಾಡುಗಳಲ್ಲಿ ನಾಲ್ಕನೆಯದಾಯಿತು.

ಆದರೆ ಸ್ವರ್ಣಲತಾ ಯಾರೆಂದು ತಿಳಿಯಬೇಕಾದರೆ 1994ನೇ ಇಸವಿಯೊಂದೇ ಸಾಕು. ಎ.ಆರ್. ರೆಹಮಾನ್ ಸಂಗೀತದಲ್ಲಿ ಆ ವರ್ಷ ‘ಕಾದಲನ್’ ಬಂತು. ನಮ್ಮ ಕಡೆ ಅದೇ ‘ಪ್ರೇಮಿಕುಡು’ ಆಯಿತು. ಅದೇ ವರ್ಷ ಭಾರತಿರಾಜ ನಿರ್ದೇಶನದ ‘ಕರುತ್ತಮ್ಮ’ ಬಂತು. ಹೆಣ್ಣುಶಿಶುಗಳನ್ನು ಕೊಲ್ಲುವ ಕ್ರೌರ್ಯದ ಕತೆ ಅದು. ಒಂದರಲ್ಲಿ ದೇಶವನ್ನೇ ಕುಣಿಸಿದ ಕೊರಳು ಇನ್ನೊಂದರಲ್ಲಿ ‘ಪೋರಾಳೆ ಪೊನ್ನುತ್ತಾಯಿ’ ಹಾಡಿ ಕರುಳು ಹಿಂಡಿತು. ಎರಡೂ ಒಬ್ಬಳದೇ ಎಂದರೆ ಹೊಸಬರು ನಂಬುವುದಿಲ್ಲ. ಆ ಶೋಕಗೀತೆಗೆ ರಾಷ್ಟ್ರಪ್ರಶಸ್ತಿ ಸಂದಿತು. ರೆಹಮಾನ್ ಸಂಗೀತಕ್ಕೆ ಹಾಡಿ ಆ ಗೌರವ ಪಡೆದ ಮೊದಲ ಗಾಯಕಿ ಆಕೆ.

ಆಮೇಲೆ ಹಿಂದಿಯಲ್ಲಿ ‘ರಂಗೀಲಾ’, ತೆಲುಗಿನಲ್ಲಿ ‘ಚೂಡಾಲನಿ ವುಂದಿ’, ತಮಿಳಿನಲ್ಲಿ ‘ಅಲೈಪಾಯುದೇ’. ಕನ್ನಡ, ಮಲಯಾಳದಲ್ಲೂ ಹಾಡುಗಳು. ಇಷ್ಟಾದರೂ ಆಕೆ ಮಾತು ಕಡಿಮೆಯ, ಪ್ರಚಾರದಿಂದ ದೂರ ಉಳಿದ ಹೆಣ್ಣುಮಗಳು. ಹಿನ್ನೆಲೆ ಗಾಯಕರ ಪಾಡೇ ಹಾಗೆ: ಮುಖ ನಾಯಕಿಯದು, ಚಪ್ಪಾಳೆ ನಾಯಕನದು. ಹೆಸರು ಕ್ಯಾಸೆಟ್ಟಿನ ಹಿಂದಿನ ಸಣ್ಣ ಅಕ್ಷರದಲ್ಲೇ ಉಳಿಯುತ್ತಿತ್ತು.

ಹಾಡುವವರ ಬಂಡವಾಳ ಉಸಿರು. ಸ್ವರ್ಣಲತಾ ಅವರಿಗೆ ಕಾಯಿಲೆ ಬಂದದ್ದೂ ಶ್ವಾಸಕೋಶಕ್ಕೇ. 2010ರ ಸೆಪ್ಟೆಂಬರ್ 12ರಂದು ಚೆನ್ನೈನಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 37. ಒಬ್ಬ ಗಾಯಕಿಯ ದನಿ ಪಕ್ವವಾಗಿ, ಅನುಭವ ತುಂಬಿಕೊಂಡು, ಹೊಸ ಎತ್ತರಕ್ಕೆ ಏರಬೇಕಾದ ವಯಸ್ಸದು. ಆಕೆ ಹಾಡಬೇಕಿದ್ದ ಎಷ್ಟೋ ಹಾಡುಗಳು ನಮಗೆ ದಕ್ಕಲೇ ಇಲ್ಲ.

ಕೇರಳ ಹೆತ್ತಿತು, ತಮಿಳುನಾಡು ಮೆರೆಸಿತು. ನಡುವೆ ಸಾಕಿ ಬೆಳೆಸಿದ ಕನ್ನಡ ನಾಡು ತನ್ನ ಪಾಲಿನ ಮಗಳನ್ನು ನೆನೆದದ್ದು ಕಡಿಮೆ. ಭದ್ರಾವತಿಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಅವರ ಹೆಸರಲ್ಲೊಂದು ಸಂಜೆಯ ಗಾಯನ ಏರ್ಪಡಲಿ. ಹಾಡಲು ಬರುವ ಮಕ್ಕಳಿಗೆ, ಈ ಊರಿನ ಒಬ್ಬ ಹುಡುಗಿ ಎಲ್ಲಿಗೆ ಮುಟ್ಟಿದಳೆಂದು ತಿಳಿಯಲಿ. ನಮ್ಮಂಥ ಗಡಿ ಊರುಗಳ ಕೇಳುಗರಾದರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ‘ಮುಕ್ಕಾಲ ಮುಕಾಬುಲಾ’ ಕಿವಿಗೆ ಬಿದ್ದಾಗ, ಪಕ್ಕದಲ್ಲಿರುವ ಮಕ್ಕಳಿಗೆ ಹೇಳಿ: ಇದನ್ನು ಹಾಡಿದವರು ಸ್ವರ್ಣಲತಾ.