ಥ್ರೆಡ್‌ಗಳು ಹೆಚ್ಚಿದರೂ ವೇಗ ಹೆಚ್ಚದೇಕೆ?

ಪರೀಕ್ಷಾ ಫಲಿತಾಂಶದ ದಿನ ಸಾವಿರಾರು ಮಂದಿ ಒಮ್ಮೆಲೇ ಜಾಲತಾಣವನ್ನು ತೆರೆಯುವುದುಂಟು. ಆ ಭಾರವನ್ನು ವೆಬ್ ಸರ್ವರು ತಾಳುವುದೇ ಎಂದು ಮೊದಲೇ ಅರಿಯಲು, ಇನ್ನೊಂದು ಕಂಪ್ಯೂಟರಿನಿಂದ ಏಕಕಾಲಕ್ಕೆ ಹಲವು ಕೋರಿಕೆಗಳನ್ನು ಕಳುಹಿಸಿ ಪರೀಕ್ಷಿಸುತ್ತಾರೆ. ಹೀಗೆ ಸಮಾನಾಂತರವಾಗಿ ನಡೆಯುವ ಒಂದೊಂದು ಕಾರ್ಯಸರಣಿಗೂ ಥ್ರೆಡ್ ಎಂದು ಹೆಸರು. ಥ್ರೆಡ್‌ಗಳನ್ನು ಇಮ್ಮಡಿಸಿದರೆ ಕೆಲಸವೂ ಇಮ್ಮಡಿಸೀತೆಂದು ತೋರುವುದು ಸಹಜ; ಆದರೆ ಒಂದು ಹಂತದ ಬಳಿಕ ಹಾಗಾಗುವುದಿಲ್ಲ.

ಸರತಿಯ ಸಾಲುಗಳ ಕುರಿತು 1961ರಲ್ಲಿ ಜಾನ್ ಲಿಟಲ್ ಅವರು ಸಾಧಿಸಿ ತೋರಿದ ಸೂತ್ರ ಇಲ್ಲಿ ಕೈದೀವಿಗೆ. ನಡೆಯುತ್ತಿರುವ ಕೋರಿಕೆಗಳ ಸಂಖ್ಯೆಯನ್ನು ಒಂದೊಂದಕ್ಕೆ ತಗಲುವ ಕಾಲದಿಂದ ಭಾಗಿಸಿದರೆ ವೇಗ ದೊರೆಯುತ್ತದೆ. 50 ಥ್ರೆಡ್‌ಗಳಿದ್ದು ಪ್ರತಿ ಉತ್ತರಕ್ಕೆ 100 ಮಿಲಿಸೆಕೆಂಡು ಹಿಡಿದರೆ ಸೆಕೆಂಡಿಗೆ 500 ಉತ್ತರಗಳು. ಥ್ರೆಡ್‌ಗಳು 100 ಆದಾಗ ಉತ್ತರಕ್ಕೆ 200 ಮಿಲಿಸೆಕೆಂಡು ಹಿಡಿಯಿತೆನ್ನಿ. ಲೆಕ್ಕ ಮತ್ತೆ 500ಕ್ಕೇ ನಿಲ್ಲುತ್ತದೆ. ಹೆಚ್ಚಿದ್ದು ಸಾಲಿನ ಉದ್ದ ಮಾತ್ರ.

ಸರ್ವರಿನ ಪ್ರೊಸೆಸರನ್ನೂ ಡಿಸ್ಕನ್ನೂ ಎಲ್ಲರೂ ಪರೀಕ್ಷಿಸುತ್ತಾರೆ. ಕೋರಿಕೆ ಕಳುಹಿಸುವ ಯಂತ್ರವನ್ನು ಶಂಕಿಸುವವರು ವಿರಳ. ಲಿನಕ್ಸ್‌ನಲ್ಲಿ ಹೊರಹೋಗುವ ಸಂಪರ್ಕಗಳಿಗೆ ಸಾಮಾನ್ಯವಾಗಿ 32768ರಿಂದ 60999ರವರೆಗಿನ ಪೋರ್ಟ್ ಸಂಖ್ಯೆಗಳು, ಎಂದರೆ 28,232 ಮಾತ್ರ ಲಭ್ಯ. ಸಂಪರ್ಕವನ್ನು ಮೊದಲು ಮುಚ್ಚಿದ ಯಂತ್ರದಲ್ಲಿ ಆ ಸಂಖ್ಯೆ 60 ಸೆಕೆಂಡು ತಡೆಹಿಡಿಯಲ್ಪಡುತ್ತದೆ. ಆದುದರಿಂದ, ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆದು ತಾನೇ ಮುಚ್ಚುವ ಯಂತ್ರವು ಒಂದೇ ಸರ್ವರಿನ ಒಂದೇ ಪೋರ್ಟಿಗೆ ಸೆಕೆಂಡಿಗೆ ಸುಮಾರು 470ಕ್ಕಿಂತ ಹೆಚ್ಚು ಕೋರಿಕೆಗಳನ್ನು ಬಹುಕಾಲ ಕಳುಹಿಸಲಾರದು. ಸಾವಿರ ಥ್ರೆಡ್‌ಗಳಿದ್ದರೂ ಅಷ್ಟೇ. ಆಗ ಬಿಡುವಾಗಿಯೇ ಇರುವ ಸರ್ವರನ್ನು ದೂಷಿಸಿ ಹೊಸದಕ್ಕೆ ಹಣ ಸುರಿಯುವುದು ವ್ಯರ್ಥ.

ತೆರೆದ ಸಂಪರ್ಕದಲ್ಲೇ ಹಲವು ಕೋರಿಕೆಗಳನ್ನು ಕಳುಹಿಸುವುದು ಇದಕ್ಕೆ ಪರಿಹಾರ. 1997ರ ಎಚ್‌ಟಿಟಿಪಿ 1.1 ನಿಯಮಾವಳಿಯಿಂದೀಚೆಗೆ ಅದೇ ರೂಢಿಯ ಕ್ರಮ. ಅಷ್ಟಕ್ಕೂ ಅಂಕಿ ಕದಲದಿದ್ದರೆ ಎರಡನೆಯ ಯಂತ್ರದಿಂದಲೂ ಕೋರಿಕೆ ಕಳುಹಿಸಿ ನೋಡಬೇಕು. ಒಟ್ಟು ಮೊತ್ತ ಏರಿದರೆ ಮಿತಿ ಮೊದಲ ಯಂತ್ರದ್ದು. ಏರದಿದ್ದರೆ ಸರ್ವರಿನದು, ಇಲ್ಲವೇ ನಡುವಣ ಜಾಲದ್ದು.