ಮ್ಯೂಸಿಯಂನಲ್ಲಿ ಮಕ್ಕಳು ಕಂಡದ್ದೇನು? ಮುಂದಿನವನ ಬೆನ್ನು!

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಜನರಿಗೆ ತೆರೆದದ್ದು 1965ರಲ್ಲಿ. ಶಾಲೆ ಪ್ರವಾಸದ ಬಸ್ಸುಗಳು ಈಗಲೂ ಅಲ್ಲಿಗೆ ಹೋಗುತ್ತವೆ. ಆದರೆ ಮೇಷ್ಟ್ರುಗಳ ಗಡಿಬಿಡಿ ನೋಡಬೇಕು: “ಬನ್ರೋ ಬನ್ರೋ, ಟೈಮಾಯ್ತು!”

ಪಾಠ ಬಸ್ಸಿನಲ್ಲೇ ಶುರುವಾಗಲಿ. ಬೆಳಗಿನ ಜಾವ ಕಂಬಿ ಹಿಡಿದರೆ ಕೈ ಜುಮ್ಮೆನ್ನುತ್ತದೆ, ಸೀಟು ಅಷ್ಟು ತಣ್ಣಗಿಲ್ಲ. ನಿಜಕ್ಕೂ ಎರಡೂ ಅಷ್ಟೇ ತಣ್ಣಗಿವೆ. ಕಬ್ಬಿಣ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಅದಕ್ಕೇ ಕಾವಲಿ ಕಬ್ಬಿಣದ್ದು, ಹಿಡಿ ಮರದ್ದು.

ಹಿತ್ತಾಳೆ ಪಾತ್ರೆಗೆ ಕಲಾಯಿ ಯಾಕೆ? ಹುಣಿಸೆ ಹುಳಿ ತಾಕಿದರೆ ತಾಮ್ರದ ಅಂಶ ಸಾರಿಗಿಳಿದು ವಾಂತಿ ತರಬಹುದು. ತವರದ ಲೇಪ ಅದನ್ನು ತಡೆಯುತ್ತದೆ.

ಇಷ್ಟು ತಿಳಿದು ಹೋದ ಹುಡುಗ ಅಲ್ಲಿ ನಿಂತು ನೋಡುತ್ತಾನೆ, ಹತ್ತು ಪ್ರಶ್ನೆ ಕೇಳುತ್ತಾನೆ. ಮೇಷ್ಟ್ರೇ, ಒಂದು ಗಂಟೆ ಹೆಚ್ಚು ಕೊಡಿ. ಹೆತ್ತವರು ದುಡ್ಡು ಕೊಟ್ಟಿರೋದು ಓಡಿಸೋದಕ್ಕಲ್ಲ!