ಮನೆಯ ವಾದ್ಯವೃಂದಕ್ಕೆ ಜೀವಕಳೆ

ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಧನಸಹಾಯವಿತ್ತು ಪೋಷಿಸಿದುದು ವಿದಿತವಾದ ಸಂಗತಿ. 1950ರಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗಕ್ಕೂ ಅವರ ಔದಾರ್ಯವೇ ಆಧಾರವಾಯಿತು. ಅಂಥ ಆಶ್ರಯವನ್ನು ಬೇಡುತ್ತಿದ್ದ ವೃಂದನಾದವನ್ನು ಇಂದು ನೌಪಾಡಾದ ಎರಡು ಕೋಣೆಗಳ ಮನೆಯಲ್ಲಿ ಕುಳಿತವನೂ ಗಣಕಯಂತ್ರದಿಂದ ಹೊರಡಿಸಬಲ್ಲನು. ನೃತ್ಯರೂಪಕವನ್ನು ಆಡಿಸುವ ಸಣ್ಣ ಸಂಘಕ್ಕೆ ಇದೊಂದು ವರವೇ ಸರಿ. ಆದರೆ ಈ ನಾದ ಹಲವು ವೇಳೆ ನಿರ್ಜೀವವಾಗಿ ತೋರುವುದೇಕೆ?

ಗಣಕದಲ್ಲಿರುವುದು ನಿಜವಾದ ವಾದ್ಯಗಳ ಒಂದೊಂದು ಸ್ವರದ ಧ್ವನಿಮುದ್ರಣ. ಕೀಲಿಯನ್ನು ಒತ್ತಿದ ಬಲವು ಸ್ವರದ ಆರಂಭವನ್ನು ಮಾತ್ರ ನಿರ್ಣಯಿಸುತ್ತದೆ. ಪಿಯಾನೋವಿಗೆ ಇಷ್ಟು ಸಾಕು. ಅಲ್ಲಿ ಸುತ್ತಿಗೆ ಬಡಿದ ಮೇಲೆ ವಾದಕನ ಕೆಲಸ ಬಹುಮಟ್ಟಿಗೆ ಮುಗಿಯಿತು. ಪಿಟೀಲಿನ ಕಮಾನಾದರೋ, ಕೊಳಲಿನ ಉಸಿರಾದರೋ, ಸ್ವರ ಹುಟ್ಟಿದ ಮೇಲೂ ಅದನ್ನು ತಿದ್ದುತ್ತಲೇ ಇರುತ್ತದೆ. ಈ ಒಳಚಲನೆಯನ್ನು ಕಾಲರೇಖೆಯ ಮೇಲೆ ಬರೆದಿಟ್ಟು ಯಂತ್ರದಿಂದ ನಡೆಸುವುದೇ ಆಟೋಮೇಷನ್.

1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯಲ್ಲಿ ಇಂಥ ಪ್ರತಿಯೊಂದು ನಿಯಂತ್ರಕಕ್ಕೂ ಸಾಮಾನ್ಯವಾಗಿ 0ಯಿಂದ 127ರವರೆಗೆ ಬೆಲೆಗಳುಂಟು. ಅನೇಕ ವೃಂದಸಂಗ್ರಹಗಳಲ್ಲಿ 1ನೆಯ ನಿಯಂತ್ರಕವು ಮೆಲ್ಲನೆ ನುಡಿಸಿದ ಮುದ್ರಣದಿಂದ ಜೋರಾಗಿ ನುಡಿಸಿದ ಮುದ್ರಣಕ್ಕೆ ಒಯ್ಯುತ್ತದೆ. 11ನೆಯದು ಗಾತ್ರವನ್ನಷ್ಟೇ ಏರಿಳಿಸುತ್ತದೆ. ಈ ಭೇದ ಮುಖ್ಯವಾದುದು. ಜೋರಾಗಿ ಊದಿದ ಕಹಳೆಯ ನಾದ ದೊಡ್ಡದಾಗುವುದಲ್ಲದೆ ತೀಕ್ಷ್ಣವೂ ಆಗುತ್ತದೆ. ಆದ್ದರಿಂದ ಗಾತ್ರವನ್ನು ಮಾತ್ರ ಹೆಚ್ಚಿಸಿದರೆ ಮೆಲುದನಿಯನ್ನೇ ಹತ್ತಿರ ತಂದಂತಾಗುವುದೇ ಹೊರತು ಆವೇಶ ಮೂಡದು.

ರೇಖೆಯನ್ನು ಎಳೆಯುವಾಗ ಪದಗುಚ್ಛವೊಂದರ ಶಿಖರವೆಲ್ಲಿ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಅಲ್ಲಿಗೆ ಏರಿ, ಅಲ್ಲಿಂದ ಇಳಿಯಬೇಕು. ಸುಷಿರವಾದ್ಯಕ್ಕೆ ಉಸಿರಿನ ಬಿಡುವು ಬೇಕು. ಒಂದೇ ರೇಖೆಯನ್ನು ಎಲ್ಲ ವಾದ್ಯಗಳಿಗೂ ನಕಲು ಮಾಡಿದರೆ ಯಂತ್ರದ ಗುಟ್ಟು ರಟ್ಟಾಗುತ್ತದೆ. ಚಕ್ರವನ್ನು ಕೈಯಿಂದಲೇ ಆಡಿಸಿ ದಾಖಲಿಸಿ, ಆಮೇಲೆ ತಿದ್ದುವುದು ಉತ್ತಮ ಮಾರ್ಗ.

ಸಂಗೀತರತ್ನಾಕರವು 13ನೆಯ ಶತಮಾನದಲ್ಲೇ 15 ಗಮಕಗಳನ್ನು ಹೆಸರಿಸಿದೆ. ಸ್ವರವು ನಿಶ್ಚಲ ಬಿಂದುವಲ್ಲವೆಂಬುದು ನಮ್ಮವರಿಗೆ ಹೊಸತಲ್ಲ. ಶ್ರುತಿಯನ್ನು ಬಾಗಿಸಲು 128 ಮೆಟ್ಟಿಲುಗಳು ಒರಟಾದಾವೆಂದೇ ಮಿಡಿ ಪದ್ಧತಿಯು ಅದಕ್ಕೆ 16,384 ಮೆಟ್ಟಿಲುಗಳನ್ನು ಕಲ್ಪಿಸಿದೆ. ಆದರೆ ಯಾವ ಮೆಟ್ಟಿಲಲ್ಲಿ ಎಷ್ಟು ನಿಲ್ಲಬೇಕೆಂಬುದನ್ನು ಯಂತ್ರ ಹೇಳದು. ವಾದಕನ ಎದುರು ಕುಳಿತು ಕೇಳಿದ ಕಿವಿಯೇ ಅದನ್ನು ಹೇಳಬೇಕು. ಹೀಗಿರಲು, ಮನೆಯಲ್ಲಿ ವೃಂದವನ್ನು ಕಟ್ಟುವವನಿಗೆ ಜೀವಂತ ಕಛೇರಿಯ ಅಗತ್ಯ ಹೆಚ್ಚುವುದೇ ಹೊರತು ಕುಂದುವುದಿಲ್ಲ.